ಸೋಮವಾರದ ಕಾಲ್‌ಗಳು

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದವರಿಗೆಲ್ಲ ನಾನು "ನಿದ್ದೆ" ಎನ್ನುತ್ತಿದ್ದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳಿಗೆ ಆ ಮಾತು ಹೇಳುವ ಹಕ್ಕಿದೆ. ಆದರೆ ಎರಡು ತಿಂಗಳಿಗೇ ನಿದ್ದೆ ಸಾಕಾಯಿತು. ಬೈಕುಲ್ಲಾದ ನನ್ನ ಒಂದೂವರೆ ಕೋಣೆಯ ಮನೆಯಲ್ಲಿ ಬೆಳಿಗ್ಗೆ ಎದ್ದು ಚಹಾ ಮಾಡಿಕೊಂಡು ಕುಡಿದರೆ ಆ ದಿನದ ಕೆಲಸ ಮುಗಿದಂತೆಯೇ. ಕೆಳಗೆ ಮಾರ್ಕೆಟ್ಟಿನಲ್ಲಿ ಟೆಂಪೋಗಳ ಹಾರ್ನು, ಹಮಾಲರ ಬೈಗುಳ, ತರಕಾರಿಯವರ ಕೂಗು. ಅಷ್ಟೊಂದು ಗದ್ದಲದಲ್ಲಿ ನನ್ನನ್ನು ಉದ್ದೇಶಿಸಿ ಆಡಿದ ಮಾತು ಒಂದೂ ಇರುತ್ತಿರಲಿಲ್ಲ.

ಮದುವೆ ಆಗಲಿಲ್ಲ. ಏಕೆ ಎಂದು ಕೇಳುವವರೂ ಈಗ ಉಳಿದಿಲ್ಲ. ತಂಗಿ ತೀರಿಕೊಂಡಾಗ ಅವಳ ಒಂಬತ್ತು ವರ್ಷದ ಮಗಳನ್ನು ನಾನೇ ತಂದು ಸಾಕಿದೆ, ಓದಿಸಿದೆ, ವಸಯಿಯ ಒಂದು ಮನೆಗೆ ಮದುವೆ ಮಾಡಿಕೊಟ್ಟೆ. ಅದೇನು ದೂರದ ಊರಲ್ಲ, ಲೋಕಲ್ ಹತ್ತಿದರೆ ಒಂದೂವರೆ ತಾಸು. ಆದರೆ ಮುಂಬಯಿಯಲ್ಲಿ ಒಂದೂವರೆ ತಾಸಿನ ದೂರದಲ್ಲಿರುವವರು ವರ್ಷಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು. ಹಬ್ಬಕ್ಕೆ ಅವಳಿಂದ ವಾಟ್ಸ್ಯಾಪಿನಲ್ಲಿ ಹೊಳೆಯುವ ದೀಪದ ಚಿತ್ರ ಬರುತ್ತದೆ. ನಾನೂ ಒಂದು ದೀಪ ಕಳಿಸುತ್ತೇನೆ.

ಹೀಗಿರುವಾಗ ಹಿಂದೆ ನನ್ನ ವಾರ್ಡಿನಲ್ಲಿ ಕೆಲಸ ಮಾಡಿದ್ದ ಡಾಕ್ಟರೊಬ್ಬರು ಫೋನ್ ಮಾಡಿದರು. "ಸಿಸ್ಟರ್, ನಿಮಗೆ ಕನ್ನಡ ಬರುತ್ತಲ್ಲ? ವಿಜಯಪುರ ಕಡೆಯದು?" ಎಂದು ಹಿಂದಿಯಲ್ಲಿ ಕೇಳಿದರು. ಬರುತ್ತದೆ ಎಂದೆ. ಅಪ್ಪ ಮಿಲ್ಲಿನ ಗುಮಾಸ್ತನಾಗಿ ಇಲ್ಲಿಗೆ ಬಂದವನು. ಅವ್ವ ಮಾತ್ರ ಇಲ್ಲೇ ಇದ್ದರೂ ಮನಸ್ಸಿನಿಂದ ಸಾಯುವವರೆಗೂ ಮುಂಬಯಿಗೆ ಬರಲೇ ಇಲ್ಲ ಎನ್ನಬೇಕು. ಚಾಳಿನ ನಳದ ಮುಂದೆ ಮರಾಠಿ ಹೆಂಗಸರ ಜೊತೆ ಕನ್ನಡದಲ್ಲೇ ಜಗಳಾಡಿ ಗೆದ್ದು ಬರುತ್ತಿದ್ದಳು. ಆಕೆ ಹೋದ ಮೇಲೆ ಆ ಕನ್ನಡವನ್ನು ಆಡಲು ನನಗೆ ಯಾರೂ ಇರಲಿಲ್ಲ.

ಕೆಲಸ ಇಂಥದು. ವಿಕ್ರೋಳಿಯ ಒಂದು ದೊಡ್ಡ ಆಸ್ಪತ್ರೆ ಕನ್ನಡ-ಮರಾಠಿ ಗಡಿಯ ಆಚೆ ಈಚೆಯ ಹಳ್ಳಿಗಾಡಿನ ಐದಾರು ಸಣ್ಣ ಆಸ್ಪತ್ರೆಗಳ ಜೊತೆ ಕೈಜೋಡಿಸಿತ್ತು. ಅಲ್ಲಿ ಒಬ್ಬನೇ ಡಾಕ್ಟರು ಹೆರಿಗೆಯಿಂದ ಹಿಡಿದು ಹಾವು ಕಡಿತದವರೆಗೆ ಎಲ್ಲ ನೋಡಬೇಕು. ಇಲ್ಲಿ ಎಡಗಣ್ಣಿಗೊಬ್ಬರು ಬಲಗಣ್ಣಿಗೊಬ್ಬರು. ಪ್ರತಿ ಗುರುವಾರ ಎರಡೂ ಕಡೆಯವರು ಸ್ಕ್ರೀನಿನ ಮುಂದೆ ಕೂತು ಕಷ್ಟದ ಕೇಸುಗಳನ್ನು ಚರ್ಚಿಸುವರು. ಔಷಧ ಬದಲಾಗುವುದು, ಪ್ರಮಾಣ ಬದಲಾಗುವುದು. ಅದನ್ನು ರೋಗಿಗೆ ಅವರ ಭಾಷೆಯಲ್ಲಿ ತಿಳಿಸಿ, ವಾರವಾರ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ ಬರೆದಿಡಲು ಹಳ್ಳಿಯ ಆಸ್ಪತ್ರೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ವಿಕ್ರೋಳಿಯಲ್ಲಿ ನಾಲ್ಕು ಕುರ್ಚಿಗಳ ಒಂದು ಕಾಲ್ ರೂಮ್. ಮರಾಠಿಗೆ ಇಬ್ಬರು, ಹಿಂದಿಗೆ ಒಬ್ಬಳು, ಕನ್ನಡಕ್ಕೆ ನಾನು.

ಬೆಳಿಗ್ಗೆ ಬೈಕುಲ್ಲಾದಲ್ಲಿ ಸ್ಲೋ ಲೋಕಲ್ ಹತ್ತುತ್ತಿದ್ದೆ. ಊರೆಲ್ಲ ಎದುರು ದಿಕ್ಕಿಗೆ ಹೋಗುವ ಹೊತ್ತಿನಲ್ಲಿ ನಾನು ಈ ದಿಕ್ಕಿಗೆ, ಆದ್ದರಿಂದ ಕೂರಲು ಜಾಗ ಸಿಗುತ್ತಿತ್ತು. ದಾದರಿನಲ್ಲಿ ಮಾತ್ರ ಹೂವಿನ ಮೂಟೆ ಹೊತ್ತ ಹೆಂಗಸರು ನುಗ್ಗಿ ಬಂದು ನನ್ನ ಕಾಲ ಮೇಲೆ ಮೂಟೆ ಇಟ್ಟು, ಘಾಟ್ಕೋಪರ್ ಬಂದಾಗ ಎತ್ತಿಕೊಂಡು ಇಳಿಯುವರು. ಅವರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸೀಟಿನ ಕೆಳಗಿನ ಜಾಗಕ್ಕೂ ನನಗೂ ಅವರಿಗೆ ವ್ಯತ್ಯಾಸ ಇರಲಿಲ್ಲ.

ಕೆಲಸದ ನಿಯಮಗಳು ಕೆಲವು ಇದ್ದವು. ರೋಗಿಯ ನಂಬರು ನಮಗೆ ಕಾಣುವುದಿಲ್ಲ, ಹೆಸರಿನ ಮೇಲೆ ಒತ್ತಿದರೆ ಕಾಲ್ ತಾನೇ ಹೋಗುತ್ತದೆ. ನಮ್ಮ ಸ್ವಂತ ವಿಷಯ ಮಾತಾಡಬಾರದು. ಫಾರ್ಮಿನಲ್ಲಿರುವ ಪ್ರಶ್ನೆ ಕೇಳಬೇಕು, ಉತ್ತರ ತುಂಬಬೇಕು. ಔಷಧ ತೆಗೆದುಕೊಂಡಿರಾ? ತಲೆ ಸುತ್ತು ಇದೆಯೇ? ಕಾಲು ಬಾವು? ಹೌದು, ಇಲ್ಲ, ಮುಂದಿನದು. ನನಗೆ ಈ ಶಿಸ್ತು ಹೊಸದಲ್ಲ. ವಾರ್ಡಿನಲ್ಲಿ ನನ್ನನ್ನು ಹಿಂದಿನಿಂದ "ಹವಾಲ್ದಾರ್" ಎಂದು ಕರೆಯುತ್ತಿದ್ದರು, ಅದು ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆಕೆ ನನ್ನ ಸೋಮವಾರದ ಪಟ್ಟಿಯಲ್ಲಿದ್ದಳು. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಮುದುಕಿ. ಮುದುಕಿ ಎಂದರೆ ನನಗಿಂತ ಆರೇಳು ವರ್ಷ ದೊಡ್ಡವಳು. ಸಕ್ಕರೆ ಕಾಯಿಲೆ ಹಳೆಯದು, ಮೂತ್ರಪಿಂಡ ಸ್ವಲ್ಪ ಸೋತಿತ್ತು. ಗುರುವಾರದ ಮೀಟಿಂಗಿನಲ್ಲಿ ಮುಂಬಯಿಯ ಸಕ್ಕರೆ ಡಾಕ್ಟರು ಅವಳ ಗುಳಿಗೆ ಬದಲಿಸಿದ್ದರು. ಅದನ್ನು ತಪ್ಪದೆ ತೆಗೆದುಕೊಳ್ಳುವಂತೆ ನೋಡಿಕೊಳ್ಳುವುದು ನನ್ನ ಪಾಲು. ಫೋನ್ ಸೊಸೆಯದು. ಸೊಸೆ ಹೊಲದಿಂದ ಊಟಕ್ಕೆ ಮನೆಗೆ ಬರುವ ಹೊತ್ತು, ಅಂದರೆ ಮಧ್ಯಾಹ್ನ ಎರಡರ ಸುಮಾರಿಗೆ, ನಾನು ಫೋನ್ ಮಾಡುತ್ತಿದ್ದೆ.

"ಊಟ ಆತೇನ್ರಿ ಬಾಯಾರ?" ಪ್ರತಿ ಸಲವೂ ಆಕೆಯ ಮೊದಲ ಮಾತು ಅದು. ನಮ್ಮ ಕಡೆ ನರ್ಸಮ್ಮನೆಂದರೆ ಬಾಯಾರು, ಮತ್ತು ಊಟ ಆಯಿತೇ ಎಂದು ಕೇಳದೆ ಮಾತು ಶುರುವಾಗುವುದಿಲ್ಲ.

"ಆತ್ರಿ. ಗುಳಿಗಿ ತಗೊಂಡ್ರೇನು?"

"ತಗೊಂಡೀನ್ರಿ."

"ಹಬ್ಬ ಇರಲಿ ಹುಣ್ಣಿವಿ ಇರಲಿ, ಒಂದು ದಿನಾನೂ ತಪ್ಪಸಬ್ಯಾಡ್ರಿ ಮತ್ತ."

"ಇಲ್ರೀ ಯವ್ವಾ, ನೀವು ಹೇಳಿದ ಮ್ಯಾಲೆ ತಪ್ಪಸತೀನೇನು?"

ಹಬ್ಬ ಇರಲಿ ಹುಣ್ಣಿಮೆ ಇರಲಿ ಎಂಬುದು ನಾನೇ ಕಟ್ಟಿದ ಮಾತು. ಎಲ್ಲರಿಗೂ ಹೇಳುತ್ತಿದ್ದೆ, ಹೇಳಿ ಸಂತೋಷಪಡುತ್ತಿದ್ದೆ. ಪಕ್ಕದ ಕುರ್ಚಿಯವಳಿಗೆ ಅದರ ಅರ್ಥವನ್ನೂ ಬಿಡಿಸಿ ಹೇಳಿದ್ದೆ. ಅವಳು ಹಿಂದಿ ಕಾಲ್‌ಗಳವಳು. ಉಡುಪಿ ಕಡೆಯವಳು, ಅಂದರೆ ಅವಳ ಅಪ್ಪ ಉಡುಪಿಯಿಂದ ಬಂದು ದಾದರಿನ ಒಂದು ಹೋಟೆಲಿನಲ್ಲಿ ಜೀವ ತೇಯ್ದವರು, ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿ. ಎರಡು ಮಕ್ಕಳ ತಾಯಿ. ಕನ್ನಡ ತಿಳಿಯುತ್ತಿತ್ತು, ಆಡಲು ಹೋದರೆ ನಡುದಾರಿಯಲ್ಲಿ ಕೈಕೊಡುತ್ತಿತ್ತು. "ಆಂಟಿ, ನಿಮ್ಮ ಕನ್ನಡ ಏಕ್‌ದಮ್ ಪೊಲೀಸ್ ತರ" ಎನ್ನುತ್ತಿದ್ದಳು.

ಮಳೆಗಾಲ ಬಂತು. ಒಂದು ಸೋಮವಾರ ಮಧ್ಯಾಹ್ನದಿಂದಲೇ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಉಳಿದ ಮೂವರೂ ಲೋಕಲ್ ನಿಲ್ಲುವ ಮೊದಲೇ ಮನೆ ಸೇರಬೇಕೆಂದು ಓಡಿದರು. ನನಗೆ ಓಡುವ ಅವಸರ ಏನಿತ್ತು? ನೆಟ್‌ವರ್ಕ್ ಹೋಗಿಬಂದು ಆಕೆಗೆ ಕಾಲ್ ತಗುಲಿದಾಗ ಸಂಜೆ ಐದಾಗಿತ್ತು. ಹಳಿಗಳ ಮೇಲೆ ನೀರು ನಿಂತಿದೆ, ಲೋಕಲ್ ಬಂದ್ ಆಗಿದೆ ಎಂದು ಆಗಷ್ಟೇ ವಾಚ್‌ಮನ್ ಹೇಳಿಹೋಗಿದ್ದ. ಫಾರ್ಮ್ ಮುಗಿದ ಮೇಲೂ ಆಕೆ ಫೋನ್ ಇಡಲಿಲ್ಲ. ನನ್ನ ಹಿಂದೆ ಮಳೆಯ ಸದ್ದು ಕೇಳಿಸಿರಬೇಕು.

"ಅಲ್ಲಿ ಭಾಳ ಮಳಿ ಏನ್ರಿ? ಮನಿಗಿ ಹ್ಯಾಂಗ ಹೋಗತೀರಿ?"

"ನೀರು ಇಳದ ಮ್ಯಾಲೆ ಹೋಗತೀನ್ರಿ."

"ಮನ್ಯಾಗ ದಾರಿ ಕಾಯತಿರತಾರಲ್ಲ, ಪಾಪ."

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದೂ ಬಿಟ್ಟೆ. "ಯಾರೂ ಇಲ್ರಿ ಕಾಯಾಕ. ನಾ ಒಬ್ಬಾಕಿನೇ ಅದೀನಿ."

"ಅಷ್ಟ ದೊಡ್ಡ ಊರಾಗ ಒಬ್ಬಾಕಿನೇ?" ಎಂದಳು. "ಉಣ್ಣೂ ಮುಂದ?" ಎಂದಳು. "ಜ್ವರಾ ಬಂದ್ರ?" ಎಂದಳು. ಪ್ರತಿಯೊಂದಕ್ಕೂ ನಾನು "ಒಬ್ಬಾಕಿನೇ ರೀ" ಎನ್ನುತ್ತ ಹೋದೆ. ಮೊದಲು ನಗುತ್ತ ಹೇಳಿದೆ, ಕೊನೆಗೆ ನಗು ಬರಲಿಲ್ಲ. ಆ ದಿನ ಫೋನ್ ಇಟ್ಟಾಗ ನನಗೆ ನಾಚಿಕೆಯಾಗಿತ್ತು, ಹಗುರವೂ ಆಗಿತ್ತು. ಅಂದಿನಿಂದ ಆಕೆ "ಬಾಯಾರ" ಬಿಟ್ಟು "ತಂಗಿ" ಎನ್ನತೊಡಗಿದಳು. ನಾನು ಬೇಡ ಎನ್ನಲಿಲ್ಲ. ಸೋಮವಾರ ಎರಡು ಗಂಟೆ ಯಾವಾಗ ಆದೀತು ಎಂದು ಭಾನುವಾರದಿಂದಲೇ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆರೇಳು ವಾರ ಕಳೆದಿರಬಹುದು. ಆ ಸೋಮವಾರ ಎರಡು ಗಂಟೆಗೆ ಆಕೆ ಎಂದಿನಂತೆ ಊಟ ಆಯಿತೇ ಎಂದು ಕೇಳಿದ್ದಳು, ಗುಳಿಗೆ ತೆಗೆದುಕೊಂಡಿದ್ದೇನೆ ಎಂದಿದ್ದಳು, ದನಿ ಸ್ವಲ್ಪ ಬಳಲಿದಂತೆ ಕೇಳಿತ್ತು. ವಯಸ್ಸು ಎಂದುಕೊಂಡೆ. ಗುರುವಾರದ ಮೀಟಿಂಗಿನಲ್ಲಿ ನಾನೂ ಮೂಲೆಯಲ್ಲಿ ಕೂತಿದ್ದೆ. ಹಳ್ಳಿಯ ಡಾಕ್ಟರು ಸ್ಕ್ರೀನಿನ ಮೇಲೆ ಬಂದವರು, ಅವಳ ಕೇಸು ಎತ್ತಿದರು. ಸೋಮವಾರ ಸಂಜೆ ಎತ್ತಿಕೊಂಡು ಬಂದಿದ್ದರು, ಮೈಮೇಲೆ ಎಚ್ಚರ ಇರಲಿಲ್ಲ, ರಕ್ತದಲ್ಲಿ ಸಕ್ಕರೆ ತಳ ಮುಟ್ಟಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಇನ್ನು ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು.

ಮುಂಬಯಿಯ ಡಾಕ್ಟರು ನನ್ನ ಫಾರ್ಮುಗಳನ್ನು ಸ್ಕ್ರೀನಿನ ಮೇಲೆ ತೆರೆದರು. ಎಲ್ಲ ಸೋಮವಾರವೂ ಔಷಧ ತೆಗೆದುಕೊಂಡಿದ್ದಾಳೆ, ತೊಂದರೆ ಇಲ್ಲ, ತೊಂದರೆ ಇಲ್ಲ. "ಹಾಗಾದರೆ ಹೇಗಾಯಿತು?" ಎಂದರು.

"ಆಕಿ ಸೋಮವಾರ ಉಪವಾಸ ಮಾಡತಾಳ್ರಿ" ಎಂದರು ಹಳ್ಳಿಯ ಡಾಕ್ಟರು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. "ಸಂಜೆ ದೀಪ ಹಚ್ಚುವ ತನಕ ನೀರೂ ಇಲ್ಲ. ಆದರೆ ಗುಳಿಗೆ ಮಾತ್ರ ಬೆಳಿಗ್ಗೆ ತಪ್ಪದೆ ನುಂಗಿದ್ದಾಳೆ, ಒಣ ಗಂಟಲಲ್ಲಿ. ಯಾಕೆ ಎಂದರೆ, ಮುಂಬಯಿ ಬಾಯಾರು ಹಬ್ಬ ಇರಲಿ ಹುಣ್ಣಿಮೆ ಇರಲಿ ತಪ್ಪಿಸಬೇಡ ಅಂದಿದ್ದಾರೆ ಅಂತಾಳೆ."

ಯಾರೂ ನನ್ನ ಕಡೆ ನೋಡಲಿಲ್ಲ, ಬಹುಶಃ ಬೇಕೆಂದೇ ನೋಡಲಿಲ್ಲ. ಅಷ್ಟು ಸೋಮವಾರ ಆಕೆ ನನ್ನನ್ನು ಊಟ ಆಯಿತೇ ಎಂದು ಕೇಳಿದ್ದಳು. ನಾನು ಒಂದೇ ಒಂದು ಸಲ ತಿರುಗಿ "ನಿಮ್ಮದು ಆತೇನು?" ಎಂದು ಕೇಳಿರಲಿಲ್ಲ. ಫಾರ್ಮಿನಲ್ಲಿ ಇರಲಿಲ್ಲ, ಕೇಳಲಿಲ್ಲ. ಅವ್ವ ಇದ್ದಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದಳು. ಊಟ ಕೇಳಿದವರಿಗೆ ತಿರುಗಿ ಊಟ ಕೇಳದಿರುವುದು ನಮ್ಮಲ್ಲಿ ಬಾಗಿಲು ಮುಖಕ್ಕೆ ಹಾಕಿದಂತೆ. ಮೂವತ್ತು ವರ್ಷ ನರ್ಸಿಂಗ್ ಮಾಡಿದವಳಿಗೆ ಊರಿನ ಮೊದಲ ಪಾಠವೇ ಮರೆತುಹೋಗಿತ್ತು.

ಆ ಮೀಟಿಂಗಿನಲ್ಲಿ ಒಂದು ಒಳ್ಳೆಯ ತೀರ್ಮಾನವಾಯಿತು. ಎಲ್ಲ ಭಾಷೆಯ ಫಾರ್ಮಿನಲ್ಲೂ ಮೊದಲ ಪ್ರಶ್ನೆ ಊಟದ್ದು, ಎರಡನೆಯದು ವಾರದ ಯಾವ ದಿನ ಉಪವಾಸ ಎಂದು. ಹಳ್ಳಿಹಳ್ಳಿಯ ಆರೋಗ್ಯ ಕಾರ್ಯಕರ್ತೆಯರೂ ಮನೆಮನೆಗೆ ಹೋಗಿ ಅದನ್ನೇ ಮೊದಲು ಕೇಳಬೇಕು. "ಇಷ್ಟು ಮಂದಿ ಸ್ಪೆಷಲಿಸ್ಟು ಕೂತು ಕಂಡುಹಿಡಿದದ್ದು ನಮ್ಮ ಅಜ್ಜಿಗೆ ಗೊತ್ತಿತ್ತು" ಎಂದು ಹಳ್ಳಿಯ ಡಾಕ್ಟರು ನಕ್ಕರು. ಎಲ್ಲರೂ ನಕ್ಕರು. ನಾನು ಎದ್ದು ಹೊರಗೆ ಹೋಗಿ ನೀರು ಕುಡಿದೆ.

ಮೀಟಿಂಗ್ ಮುಗಿದ ಮೇಲೆ ಹಳ್ಳಿಯ ಡಾಕ್ಟರು ಕಾಲ್ ರೂಮಿಗೆ ಫೋನ್ ಮಾಡಿ ನನ್ನನ್ನು ಕೇಳಿದರು.

"ಸಿಸ್ಟರ್, ಎಲ್ಲಾರ ಮುಂದ ಹೇಳಲಿಲ್ಲ. ಗುಳಿಗಿ ಬದಲ ಮಾಡೀನಿ. ಆದ್ರ ಆಕಿ ಕಿಡ್ನಿ ಸೋತಾವ, ಹಿಂದಿನ ದಿನದ ಗುಳಿಗೀನೇ ಮೈಯಾಗ ಉಳಕೊಂಡು ಕೆಲಸ ಮಾಡತದ. ಗುಳಿಗಿ ಬಿಟ್ಟು ಉಪವಾಸ ಮಾಡಿದ್ರೂ ಅಪಾಯ. ಉಪವಾಸನೇ ಬಿಡಬೇಕು. ಬಿಡವಲ್ಲಳು."

"ಯಾಕಂತ?"

"ಹರಕಿ ಅಂತ. ತನ್ನ ಸಲುವಾಗಿ ಹಿಡದಿದ್ರ ಬಿಡತಿದ್ದಳಂತ. ಇನ್ನೊಬ್ಬರ ಸಲುವಾಗಿ ಹಿಡದದ್ದು ನಡುವ ಬಿಟ್ರ ಅವರಿಗೆ ತಟ್ಟತದ ಅಂತಾಳ." ಅವರು ಮುಂದುವರಿಸಿದರು, "ನಿಮ್ಮ ಸಲುವಾಗಿ ಹಿಡದಾಳ್ರಿ. ಮುಂಬಯ್ಯಾಗ ಒಬ್ಬಾಕಿನೇ ಅದಾಳ, ಆಕಿಗೆ ಯಾರರೆ ಜೊತಿ ಆಗೂ ತನಕ ಸೋಮವಾರ ಅನ್ನ ಮುಟ್ಟೂದಿಲ್ಲ ಅಂತ ದೇವರ ಮುಂದ ಬೇಡಕೊಂಡಾಳ. ನೀವೇ ಹೇಳಿ ಬಿಡಸಬೇಕು. ಇನ್ನೊಮ್ಮೆ ಹಿಂಗಾದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ನನ್ನ ಜೀವನದಲ್ಲಿ ನನ್ನ ಸಲುವಾಗಿ ಯಾರೂ ಒಂದು ಹೊತ್ತಿನ ಊಟ ಬಿಟ್ಟದ್ದು ನೆನಪಿಲ್ಲ. ಬಿಟ್ಟವಳೊಬ್ಬಳು ಸಿಕ್ಕಳು, ಅವಳು ಅದರಿಂದಲೇ ಸಾಯುವಂತಾಗಿತ್ತು. ಆ ಸಂಜೆ ಲೋಕಲ್‌ನಲ್ಲಿ ನಿಂತು ಅತ್ತೆ. ಲೇಡೀಸ್ ಡಬ್ಬಿಯಲ್ಲಿ ಅಳುವವರು ಹೊಸದಲ್ಲ. ಯಾರೋ ಕೇಳದೆಯೇ ಸೀಟು ಕೊಟ್ಟರು.

ಶುಕ್ರವಾರ ಬೆಳಿಗ್ಗೆಯೇ ಕಾಲ್ ಹಾಕಿದೆ. ಈ ಸಲ ನಾನೇ ಮೊದಲು ಊಟ ಕೇಳಿದೆ. ಆಮೇಲೆ ಪ್ರೀತಿಯಿಂದ ಹೇಳಿದೆ, ಬೈದೆ, ಹವಾಲ್ದಾರ್ ದನಿಯಲ್ಲಿ ಹೆದರಿಸಿದೆ. "ನನಗೇನೂ ಕಡಿಮಿ ಇಲ್ಲಕ್ಕಾ, ಒಬ್ಬಾಕಿನೇ ಆರಾಮ ಅದೀನಿ" ಎಂದೆ.

"ಒಬ್ಬಾಕಿನೇ ಇರೋರು ಹಿಂಗ ಅನ್ನೂದು ತಂಗಿ" ಎಂದಳು. ದನಿ ಇನ್ನೂ ಸೋತಿತ್ತು. "ನಿನಗ ಗೊತ್ತಾಗೂದಿಲ್ಲ, ಸುಮ್ಮಕಿರು. ಜೊತಿ ಆಗಲಿ, ಅವತ್ತೇ ಬಿಡತೀನಿ."

ಹಾಗಾದರೆ ಜೊತೆ ಮಾಡಿಕೊಳ್ಳಬೇಕು. ಭಾನುವಾರ ವಸಯಿಗೆ ಹೊರಟೆ. ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಲೈನ್ ಬದಲಿಸಿ, ವಿರಾರ್ ಲೋಕಲ್‌ನಲ್ಲಿ ನಿಂತೇ ಹೋದೆ. ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಾಲ್ಕು ದಿನ ಬಂದು ಇರು ಎನ್ನಲೇ? ನಿನ್ನಲ್ಲಿಗೆ ನಾನೇ ಬಂದಿರಲೇ ಎನ್ನಲೇ? ತಂಗಿಯ ಮಗಳು ಬಾಗಿಲು ತೆಗೆದು, "ಮಾವಶಿ! ಕ್ಯಾ ಹುವಾ? ತಬಿಯತ್ ಠೀಕ್ ಹೈ ನಾ?" ಎಂದು ಆರೋಗ್ಯ ವಿಚಾರಿಸಿದಳು. ಅವಳ ಕಣ್ಣಲ್ಲಿ ಗಾಬರಿ ಇತ್ತು. ಕಾರಣವಿಲ್ಲದೆ ನಾನು ಬಂದವಳಲ್ಲ.

ಎರಡು ಕೋಣೆಯಲ್ಲಿ ಆರು ಜನ. ಅತ್ತೆಗೆ ಹಾಸಿಗೆ ಹಿಡಿದ ಕಾಯಿಲೆ, ಮಗನಿಗೆ ಪರೀಕ್ಷೆ, ಗಂಡನಿಗೆ ಶಿಫ್ಟ್ ಕೆಲಸ. ನನಗೆಂದು ಹೊಸ ಬೆಡ್‌ಶೀಟ್ ಹಾಸಿ, ಶ್ರೀಖಂಡ ತರಿಸಿ ಬಡಿಸಿದಳು. ಅತಿಥಿಗೆ ಬಡಿಸಿದ ಹಾಗೆ ಬಡಿಸಿದಳು. ಅವಳನ್ನು ನಾನು ಸಾಕುವಾಗ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಹೊರಡುವ ಹೊತ್ತಿಗೆ ಹೇಗೋ ಧೈರ್ಯ ಮಾಡಿ, "ನಾಲ್ಕು ದಿವಸ ಬಂದಿರತೀಯೇನು, ನನ್ನ ಹತ್ರ?" ಎಂದೆ, ಕನ್ನಡದಲ್ಲಿ. ಅವಳು ಅರ್ಥ ಮಾಡಿಕೊಂಡಳು. "ದೀಪಾವಳಿ ಕೆ ಬಾದ್ ಪಕ್ಕಾ, ಮಾವಶಿ" ಎಂದು, ಹಬ್ಬ ಕಳೆದ ಮೇಲೆ ಬಂದೇ ಬರುತ್ತೇನೆಂದು, ನನ್ನ ಕೈ ಹಿಡಿದುಕೊಂಡಳು. ಸುಳ್ಳು ಹೇಳಲಿಲ್ಲ ಅವಳು, ಹೇಳುವಾಗ ಅದು ನಿಜವೇ ಆಗಿತ್ತು. ಆದರೆ ಸೋಮವಾರ ಮರುದಿನವೇ ಇತ್ತು.

ಸೋಮವಾರ ಒಂದೂವರೆಗೇ ಹೆಡ್‌ಫೋನ್ ಹಾಕಿ ಕೂತೆ. ಬೇರೆ ಯಾವ ಹೆಸರನ್ನೂ ಒತ್ತಲಿಲ್ಲ. ಪಕ್ಕದ ಡೊಂಬಿವಲಿಯವಳು ಏನಾಯಿತೆಂದು ಕೇಳಿದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಆಂಟಿ, ಝೂಟ್ ಹೇಳಿ ಬಿಡಿ. ಲೈಫ್ ಉಳಿದ್ರೆ ಆಯ್ತಲ್ಲ" ಎಂದಳು. ಅಷ್ಟು ಸುಲಭ ಎಂದು ನನಗೂ ಗೊತ್ತಿತ್ತು. ಆ ಒಂದು ಸುಳ್ಳನ್ನು ಮಾತ್ರ ನಾಲ್ಕು ದಿನದಿಂದ ಮುಂದೂಡುತ್ತ ಬಂದಿದ್ದೆ.

ಎರಡಕ್ಕೆ ಐದು ನಿಮಿಷ ಇರುವಾಗ ಹೆಸರು ಒತ್ತಿದೆ. ಸೊಸೆ ಎತ್ತಿದಳು. "ಬೆಳಿಗ್ಗಿಂದ ಏನೂ ಮುಟ್ಟಿಲ್ರಿ ಬಾಯಾರ, ನಮ್ಮ ಮಾತು ಕೇಳವಲ್ಲರು" ಎಂದು ಅಳುದನಿಯಲ್ಲಿ ಹೇಳಿ ಅತ್ತೆಗೆ ಕೊಟ್ಟಳು.

"ಅಕ್ಕಾ, ನಿನ್ನ ಹರಕಿ ಫಲಿಸಿತು" ಎಂದೆ. "ನನ್ನ ತಂಗಿ ಮಗಳು ಬಂದಾಳ. ಇನ್ನ ಇಲ್ಲೇ ಇರತಾಳ, ನನ್ನ ಕೂಡ."

"ಖರೇನಾ?"

"ಖರೇನಽ."

"ಎಲ್ಲಿ, ಆಕಿ ಕೈಯಾಗ ಫೋನ್ ಕೊಡು."

ಇದನ್ನು ನಾನು ಎಣಿಸಿರಲಿಲ್ಲ. ನಮ್ಮ ಊರಿನ ಮುದುಕಿಯರು ಪೊಲೀಸರಿಗಿಂತ ಚುರುಕು ಎಂಬುದನ್ನು ಮರೆತಿದ್ದೆ. ಪಕ್ಕಕ್ಕೆ ತಿರುಗಿ ಡೊಂಬಿವಲಿಯವಳನ್ನು ನೋಡಿದೆ. ಅವಳು ಆಗಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದಳು. ಎರಡಕ್ಕೆ ಅವಳ ಶಿಫ್ಟ್ ಮುಗಿಯುತ್ತದೆ, ಎರಡು ಹತ್ತರ ಲೋಕಲ್ ತಪ್ಪಿದರೆ ಮಕ್ಕಳ ಸ್ಕೂಲ್ ಬಸ್ ಮುಂದೆ ನಿಲ್ಲಲು ಯಾರೂ ಇಲ್ಲ. ಅವಳು ಬ್ಯಾಗಿನ ಸಮೇತ ಬಗ್ಗಿ ನನ್ನ ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡಳು.

"ಹಾಂ ಅಜ್ಜಿ, ನಮಸ್ಕಾರ. ನಾನು... ನಾನು ಇಲ್ಲೇ ಉಂಟು. ಅಂದ್ರೆ ಇದ್ದೇನೆ. ಆಂಟಿ... ನಹೀ, ದೊಡ್ಡಮ್ಮನ ಸಂಗಡ." ಆಕೆ ಏನೋ ಕೇಳಿದಳು. "ಹೌದು ಹೌದು, ಬಿಟ್ಟು ಹೋಗೂದಿಲ್ಲ. ಪ್ರಾಮಿಸ್." ಮತ್ತೇನೋ ಕೇಳಿದಳು. "ಊಟ? ಆಯ್ತು ಅಜ್ಜಿ, ಇಬ್ರೂ ಒಟ್ಟಿಗೆ ಮಾಡಿದೆವು. ನೀವು ಟೆನ್ಶನ್ ತಗೊಳ್ಳಬೇಡಿ. ನೀವು ಈಗ ಊಟ ಮಾಡಿ, ಪ್ಲೀಸ್, ನನ್ನ ಕಸಮ್, ನನ್ನಾಣೆ."

ಹೆಡ್‌ಫೋನ್ ನನ್ನ ತಲೆಗೆ ತಿರುಗಿ ಹಾಕಿ, ನನ್ನ ಹೆಗಲು ಒಮ್ಮೆ ಒತ್ತಿ, ಗಡಿಯಾರ ನೋಡಿ ಅವಳು ಓಡಿದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿ ಸದ್ದು ಲಿಫ್ಟಿನ ತನಕ ಕೇಳಿತು.

"ಆಕಿ ಕನ್ನಡ ಹಿಂಗ್ಯಾಕ ತಂಗಿ?"

"ಮುಂಬಯ್ಯಾಗ ಬೆಳದಾಕಿ ಅಕ್ಕಾ."

"ಇರಲಿ, ದನಿ ಛಲೋ ಅದ. ಮನಸ ಒಳ್ಳೇದದ. ಹೊಟ್ಟಿ ತುಂಬ ಉಣ್ಣಾಕ ಹಾಕು ಆಕಿಗೆ." ಆಮೇಲೆ ಸೊಸೆಗೆ ಕೂಗಿ ಹೇಳಿದ್ದು ಕೇಳಿಸಿತು, ರೊಟ್ಟಿ ತಾ ಎಂದು. ತಟ್ಟೆ ನೆಲಕ್ಕಿಟ್ಟ ಸದ್ದು ಕೇಳಿತು. ಸೊಸೆ ಜೋರಾಗಿ ಮೂಗು ಸೇದಿದಳು. ಆಕೆ ರೊಟ್ಟಿ ಮುರಿದು ಬಾಯಿಗೆ ಇಡುವವರೆಗೂ ನಾನು ಫೋನ್ ಇಡಲಿಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಆಕೆ ಹೇಳಿದಳು, "ಇನ್ನ ನಿನ್ನ ಚಿಂತಿ ಹೋತು ನೋಡು ನನಗ. ಹಗುರ ಆತು."

ಆ ಮೇಲಿನ ಸೋಮವಾರಗಳಲ್ಲಿ ಆಕೆ ಊಟದ ಮಾತು ಕೇಳುತ್ತಿದ್ದಳು, ಆದರೆ ನನ್ನದಲ್ಲ. "ಮಗಳು ಉಂಡಳೇನು? ಆಕಿಗೆ ಅಲ್ಲಿ ಹೊಂದಿಕಿ ಆಗೇದೇನು?" ಎಂದು ಕೇಳುವಳು. ಉಂಡಳು ಎನ್ನುತ್ತಿದ್ದೆ. ಇಲ್ಲದ ಮಗಳಿಗೆ ಜ್ವರ ಬಂದು ಹೋಯಿತು, ಹೊಸ ಕೆಲಸ ಸಿಕ್ಕಿತು, ಒಂದು ವಾರ ನನ್ನ ಮೇಲೆ ಮುನಿಸಿಕೊಂಡು ಸರಿಯೂ ಹೋದಳು. ಸುಳ್ಳು ಹೇಳಲು ಕೂತರೆ ನನಗೂ ಚೆನ್ನಾಗಿಯೇ ಬರುತ್ತದೆ. ಮಾತು ಮಾತ್ರ ವಾರದಿಂದ ವಾರಕ್ಕೆ ಗಿಡ್ಡವಾಗುತ್ತ ಬಂತು. ಜೊತೆ ಇರುವವಳನ್ನು ಎಷ್ಟು ಹೊತ್ತು ವಿಚಾರಿಸಲಾಗುತ್ತದೆ? ನಾನೇ ಆದರೂ ಅಷ್ಟೇ ಮಾಡುತ್ತಿದ್ದೆ.

ಚಳಿಗಾಲದ ಹೊತ್ತಿಗೆ ಆಕೆಯ ಸಕ್ಕರೆ ಹಿಡಿತಕ್ಕೆ ಬಂತು. ಹಿಡಿತಕ್ಕೆ ಬಂದವರು ನಮ್ಮ ಪಟ್ಟಿಯಿಂದ ಹೊರಬೀಳುತ್ತಾರೆ, ಅವರನ್ನು ಊರಿನ ಕಾರ್ಯಕರ್ತೆ ಮನೆಗೇ ಹೋಗಿ ನೋಡಿಕೊಳ್ಳುತ್ತಾಳೆ. ಅದು ಸರಿಯಾದ ಪದ್ಧತಿ, ನಾನೇ ಮೀಟಿಂಗಿನಲ್ಲಿ ಬೇಕೆಂದು ಹೇಳಿದ್ದೆ. ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಆ ಹೆಸರು ಇರಲಿಲ್ಲ. ಒತ್ತಲು ಹೆಸರಿಲ್ಲ ಎಂದರೆ ನಂಬರೂ ಇಲ್ಲ. ಎರಡು ಗಂಟೆಗೆ ಬೇರೆ ಯಾರದೋ ಹೆಸರು ಒತ್ತಿದೆ. ಅವರಿಗೆ ಮೊದಲು ಊಟ ಕೇಳಿದೆ.

ಮೊನ್ನೆ ಗುರುವಾರ ಮೀಟಿಂಗ್ ಮುಗಿದು ಎಲ್ಲರೂ ಎದ್ದಾಗ ನಾನು ಸ್ಕ್ರೀನಿನ ಹತ್ತಿರ ಹೋಗಿ ಹಳ್ಳಿಯ ಡಾಕ್ಟರನ್ನು ನಿಲ್ಲಿಸಿದೆ. ಆಕೆ ಆಸ್ಪತ್ರೆಗೆ ಬರುತ್ತಾಳಾ ಎಂದು ಕೇಳಿದೆ. ಹೋದ ವಾರವೇ ಬಂದಿದ್ದಳು ಎಂದರು. ನನ್ನ ಸುದ್ದಿ ಏನಾದರೂ ಕೇಳಿದಳಾ ಎಂದೆ. ಕೇಳುವಾಗ ನಗುತ್ತ ಕೇಳಿದೆ, ಏನೂ ಅಲ್ಲದ ಹಾಗೆ.

"ಇಲ್ರೀ ಸಿಸ್ಟರ್" ಎಂದರು ಡಾಕ್ಟರು. ನನಗೆ ಖುಷಿಯಾಗಲೆಂದೇ ಮುಂದಿನದನ್ನೂ ಸೇರಿಸಿದರು, "ಈಗ ಆಕಿಗೆ ಯಾರ ಚಿಂತೀನೂ ಇಲ್ಲ. ಶುಗರ್ ಭಾಳ ಛಲೋ ಅದ."